ಆಡಿನ ಸಾವಿಗೆ ನಗಬೇಕಿದ್ದವಳು

ಕಳೆದ ತಿಂಗಳು ಸೀಕಾಕಸ್ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸುವಾಗ ಒಂದು ಹುಳಿ ವಾಸನೆ ಮೂಗಿಗೆ ಬಡಿಯಿತು. ಗಂಜಿಯನ್ನು ಮುಚ್ಚಿಟ್ಟು ಮರುದಿನ ತೆರೆದಾಗ ಬರುತ್ತದಲ್ಲ, ಅಂಥದ್ದು. ಅದರ ಹಿಂದೆ ಸಣ್ಣಗೆ ಬೇರಿನ, ಮಣ್ಣಿನ ಘಮ. ಬೆಂಚಿನ ಮೇಲೆ ದಪ್ಪ ಕೋಟು ಹಾಕಿದ ಹೆಂಗಸೊಬ್ಬಳು ಪ್ಲಾಸ್ಟಿಕ್ ಬಾಟಲಿಯಿಂದ ಬೆಳ್ಳಗಿನದೇನನ್ನೋ ಕುಡಿಯುತ್ತಿದ್ದಳು. ನನ್ನ ಹಳೆಯ ಗೆಳತಿ ಮ್ವಾಪೆ ಇರಬೇಕೆಂದು ಗಡಿಬಿಡಿಯಲ್ಲಿ ಹತ್ತಿರ ಹೋದೆ. ಅವಳಲ್ಲ. ಇದು ಮುಂಕೋಯೊ ಅಲ್ಲವೇ ಎಂದು ಕೇಳಿದ್ದಕ್ಕೆ ಆ ಹೆಂಗಸು ಕಣ್ಣರಳಿಸಿ, ನಿಮಗೆ ಹೇಗೆ ಗೊತ್ತು ಎಂದಳು. ಗೆಳತಿಯೊಬ್ಬಳು ಮಾಡುತ್ತಿದ್ದಳು ಎಂದಷ್ಟೇ ಹೇಳಿ ನನ್ನ ಟ್ರೇನ್ ಹತ್ತಿದೆ. ಮಾತು ಬೆಳೆಸಿದ್ದರೆ ಆ ಚಳಿಗಾಲದ ಕತೆ ಹೇಳಬೇಕಾಗುತ್ತಿತ್ತು, ಹೇಳಿದರೆ ನನ್ನ ಸೋದರಮಾವನ ಮರ್ಯಾದೆ ಹೋಗುತ್ತಿತ್ತು. ಹೋಗಬೇಕಾದದ್ದೇ, ಈಗ ಬರೆಯುತ್ತಿದ್ದೇನೆ.

ಭುಜಂಗ ಮಾವ ನನ್ನ ಅಮ್ಮನ ಬೆನ್ನಿಗೆ ಹುಟ್ಟಿದವರು. ಕುಂದಾಪುರದಿಂದ ಮುಂಬಯಿಯ ಹೋಟೆಲಿಗೆ ಬಂದು ಲೋಟ ತೊಳೆದು, ಅಲ್ಲಿಂದ ಹೇಗೋ ಕಡಲು ದಾಟಿ ಜ್ಯಾಕ್ಸನ್ ಹೈಟ್ಸ್‌ಗೆ ಬಂದು ದೋಸೆ ಹುಯ್ದು, ಕೊನೆಗೆ ಸೀಕಾಕಸ್‌ನ ಗೋದಾಮುಗಳ ನಡುವೆ ಒಂದು ಲಾಡ್ಜು ಮಾಡಿದವರು. ಇಲ್ಲಿಯವರು ಅದನ್ನು ಹೋಟೆಲ್ ಎನ್ನುತ್ತಾರೆ, ನಮ್ಮವರ ಬಾಯಲ್ಲಿ ಅದು ಲಾಡ್ಜೇ. ಗಂಡ ತೀರಿಕೊಂಡ ಮೇಲೆ ನಾನು ಅಲ್ಲಿ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಹ್ಯಾರಿಸನ್‌ನಿಂದ ದಿನಾ ಟ್ರೇನಿನಲ್ಲಿ ಬಂದು ಸ್ಟೇಷನ್ನಿನ ಹೊರಗೆ ಲಾಡ್ಜಿನ ವ್ಯಾನ್ ಹತ್ತುತ್ತಿದ್ದೆ.

ಆ ವ್ಯಾನ್ ಓಡಿಸುತ್ತಿದ್ದವರು ಜೋಸೆಫ್ ಕುಂದ. ಜಾಂಬಿಯಾ ದೇಶದ ಸೆರೆಂಜೆ ಎಂಬ ಕಡೆಯವರು, ಲಾಲ ಎಂಬ ಬುಡಕಟ್ಟಿನ ಜನ. ಅರವತ್ತು ದಾಟಿದ, ನಿಧಾನಕ್ಕೆ ಮಾತಾಡುವ ಮನುಷ್ಯ. ಹೆಸರು ಕೇಳಿದ ದಿನ ಮಾವ, ಇವ ನಮ್ಮ ಕುಂದಾಪ್ರದವನೇ ಎಂದು ನಕ್ಕಿದ್ದರು. ಅವರ ಊರಲ್ಲಿ ಮರದ ಟೊಂಗೆ ಕಡಿದು ರಾಶಿ ಹಾಕಿ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರಂತೆ. ನಮ್ಮ ಘಟ್ಟದ ಬುಡದಲ್ಲಿ ಅಜ್ಜನ ಕಾಲಕ್ಕೆ ಇದ್ದ ಕುಮರಿ ಬೇಸಾಯವೇ ಎಂದು ನಾನು ಹೇಳಿದಾಗ ಕುಂದ ಗಾಡಿ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ ಕೂತು, ಬಿತ್ತುವ ಮೊದಲು ನೀವು ಯಾವ ಹಿರಿಯರನ್ನು ನೆನೆಯುತ್ತಿದ್ದಿರಿ ಎಂದು ಕೇಳಿದ್ದರು. ನನಗೆ ಗೊತ್ತಿರಲಿಲ್ಲ.

ಮ್ವಾಪೆ ಬೆಳಗಿನ ತಿಂಡಿ ವಿಭಾಗದವಳು. ಅವಳೂ ಲಾಲ, ಅವಳೂ ಸೆರೆಂಜೆಯ ಕಡೆಯವಳು. ವಯಸ್ಸಿನಲ್ಲಿ ನನ್ನ ಓರಗೆ. ಆದರೆ ಊರಿನಲ್ಲಿ ಅವರಿಬ್ಬರಿಗೂ ಪರಿಚಯವಿರಲಿಲ್ಲ, ನಮ್ಮ ಲಾಡ್ಜಿನಲ್ಲೇ ಮೊದಲ ಭೇಟಿ. ಮೊದಲ ದಿನವೇ ಕುಂದ ತಟ್ಟೆ ಹಿಡಿದು ಬಂದಾಗ ಮ್ವಾಪೆ ನಿಮ್ಮ ಕುಲ, ಅಂದರೆ ಬಳಿ, ಯಾವುದು ಎಂದು ಕೇಳಿದ್ದಾಳೆ. ಆಡು ಎಂದಿದ್ದಾರೆ ಇವರು. ಅಷ್ಟೇ ಸಾಕು, ಅವರ ತಟ್ಟೆಯಲ್ಲಿದ್ದ ಮೊಟ್ಟೆ ಎತ್ತಿ ತನ್ನ ಬಾಯಿಗೆ ಹಾಕಿಕೊಂಡು, ಇಷ್ಟು ವರ್ಷ ಎಲ್ಲಿ ಅಡಗಿದ್ದೆಯೋ ನನ್ನ ಮಾಂಸವೇ ಎಂದಳಂತೆ.

ಅವಳದು ಚಿರತೆ ಬಳಿ.

ಬಳಿ ಎಂದು ನಾನು ಸುಮ್ಮನೆ ಬರೆಯುತ್ತಿಲ್ಲ. ನಮ್ಮ ಬಂಟರಲ್ಲಿ ಇರುವಂತೆಯೇ ಅವರಲ್ಲೂ ಬಳಿ ತಾಯಿಯಿಂದ ಬರುತ್ತದೆ. ಮಗ ಅಪ್ಪನ ಬಳಿಯವನಲ್ಲ, ಅಕ್ಕನ ಮಗನೇ ಮಾವನ ವಾರಸುದಾರ. ಇದನ್ನು ಕುಂದ ಮೊದಲ ಸಲ ಹೇಳಿದಾಗ ನನಗೆ ರೋಮಾಂಚನವಾಯಿತು. ಆದರೆ ನಮ್ಮಲ್ಲಿ ಇಲ್ಲದ್ದು ಅವರಲ್ಲಿ ಒಂದಿದೆ. ಬಳಿಗಳಿಗೆ ಜೋಡಿ. ಆಡಿಗೆ ಚಿರತೆ ಜೋಡಿ, ಮೀನಿಗೆ ಮೊಸಳೆ. ಜೋಡಿ ಬಳಿಯವರು ಒಬ್ಬರನ್ನೊಬ್ಬರು ಎಲ್ಲಿ ಕಂಡರೂ ಗೇಲಿ ಮಾಡಬೇಕು, ಬೈಯಬೇಕು, ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳಬೇಕು. ಕಿತ್ತುಕೊಂಡದ್ದನ್ನು ವಾಪಸು ಕೊಡುವ ಹಾಗಿಲ್ಲ. ಬೈಸಿಕೊಂಡವರು ಸಿಟ್ಟಾಗುವ ಹಾಗಿಲ್ಲ, ತಿರುಗಿ ಬೈಯಬೇಕು. ಇದೆಲ್ಲ ಯಾಕೆಂದರೆ, ಒಂದು ಬಳಿಯಲ್ಲಿ ಸಾವಾದರೆ ಹೆಣ ತೊಳೆಯುವುದು, ಗುಂಡಿ ತೋಡುವುದು, ಮಣ್ಣು ಮಾಡುವುದು ಜೋಡಿ ಬಳಿಯವರ ಕೆಲಸ. ಮನೆಯವರು ಅಳುತ್ತಾ ಕೂತಿರುವಾಗ ಇವರು ಬಂದು ಸತ್ತವನನ್ನು ಹೆಸರು ಹಿಡಿದು ಬೈದು, ಅವನ ಹಾಗೆ ಕುಂಟಿ, ಕೆಮ್ಮಿ, ಅಳುವವರನ್ನು ನಗಿಸಬೇಕು. ನಕ್ಕರೆ ಸಾವು ಮುಗಿಯುತ್ತದೆ. ಇಂಥ ಜೋಡಿಗೆ ಅವರ ಭಾಷೆಯಲ್ಲಿ ಮುನುಂಗ್ವೆ ಎನ್ನುತ್ತಾರೆ. "ಮದುವೆಗೆ ಯಾರು ಬೇಕಾದರೂ ಸಿಗ್ತಾರೆ ಶಾರದಾ, ಮುನುಂಗ್ವೆ ಸಿಗೋದು ಕಷ್ಟ. ಈ ದೇಶದಲ್ಲಿ ನನ್ನನ್ನ ಹೂಳೋದಕ್ಕೆ ಇರೋಳು ಇವಳೊಬ್ಬಳೇ" ಎಂದು ಕುಂದ ಹೇಳುತ್ತಿದ್ದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಮಾತ್ರ ಅದೆಲ್ಲ ಕನ್ನಡದಲ್ಲೇ ಉಳಿದಿದೆ.

ಅಕ್ಟೋಬರಿನಲ್ಲಿ ಚಳಿ ಶುರುವಾದ ಒಂದು ಬೆಳಿಗ್ಗೆ ಮ್ವಾಪೆ ಕುಂದರ ತಲೆಯಿಂದ ಕೆಂಪು ಉಲ್ಲನ್ ಟೋಪಿ ಎಳೆದುಕೊಂಡು ತಾನೇ ಹಾಕಿಕೊಂಡಳು. ತೀರಿಹೋದ ಹೆಂಡತಿ ಹೆಣೆದುಕೊಟ್ಟಿದ್ದ ಟೋಪಿ ಅದು. ಆಡಿಗೆ ಕೂದಲಿದೆ, ಟೋಪಿ ಯಾಕೆ ಎಂದಳು. ಕುಂದ, ಹಳೇ ಚಿರತೆಗೆ ಕಿವಿಯಲ್ಲಿ ಚಳಿ ಹೊಕ್ಕಿದೆ, ಇಟ್ಟುಕೊಳ್ಳಲಿ ಪಾಪ ಎಂದರು. ಮರುದಿನದಿಂದ ಅವರು ಕಪ್ಪು ಟೋಪಿ ಹಾಕತೊಡಗಿದರು. ಅವಳ ತಲೆಯಿಂದ ಆ ಕೆಂಪು ಟೋಪಿ ಇಳಿಯಲೇ ಇಲ್ಲ. ಹೆಂಡತಿಯ ನೆನಪಿನ ವಸ್ತು ಹೋಯಿತಲ್ಲ ಎಂದು ನಾನು ಕೇಳಿದ್ದಕ್ಕೆ, ಸರಿಯಾದ ಜಾಗಕ್ಕೇ ಹೋಗಿದೆ ಎಂದು ಹೇಳಿ ಗೇರ್ ಬದಲಿಸಿದರು.

ನವೆಂಬರಿನಲ್ಲಿ ಯಾರೋ ಗಿರಾಕಿ ತಿಂಡಿ ತಿನ್ನುತ್ತಾ ಇವರಿಬ್ಬರ ಬೈದಾಟವನ್ನು ಫೋನಿನಲ್ಲಿ ಹಿಡಿದ. ಒಬ್ಬ ಹೆಂಗಸು ವಯಸ್ಸಾದ ಡ್ರೈವರನಿಗೆ ಮುದಿ ಆಡು, ಕೆಟ್ಟ ಮಾಂಸ ಎಂದು ಬೈಯುವುದು, ಅವನ ತಟ್ಟೆಗೆ ಕೈ ಹಾಕುವುದು. ಹೋಗುವಾಗ ಅದನ್ನು ಮಾವನಿಗೆ ತೋರಿಸಿ, ನಿಮ್ಮಲ್ಲಿ ಕೆಲಸದವರನ್ನು ಹೀಗೆ ನಡೆಸಿಕೊಳ್ಳುತ್ತೀರಾ ಎಂದು ಕೇಳಿ ಹೋದ. ಮಾವನಿಗೆ ಊಟ ಸೇರಲಿಲ್ಲ. ನಾನು ನನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದೆ, ನಮ್ಮ ಬಳಿಯ ಹಾಗೇ ಎಂದೂ ಹೇಳಿದೆ.

"ಕಾಣ್ ಹೆಣೆ," ಎಂದರು ಮಾವ, "ಇದ್ ಕುಂದಾಪ್ರ ಅಲ್ಲ. ನಾಳೆ ಯಾರಾರೂ ಕೋರ್ಟಲ್ಲಿ ಸೂ ಮಾಡ್ರೆ ನಾನ್ ಎಂತ ಮಾಡೂದ್? ಇಲ್ಲಿ ಹರಾಸ್‌ಮೆಂಟ್ ಅಂದ್ರೆ ತಮಾಷಿ ಅಲ್ಲ."

"ಅದ್ ತಮಾಷಿಯೇ ಮಾವ. ಅವ್ರಲ್ಲಿ ಅದೊಂದ್ ಕಟ್ಟಳೆ."

"ಕಟ್ಟಳೆ ಎಲ್ಲ ಮನೇಲಿ ಇಟ್ಕಣ್ಲಿ. ಇಬ್ರನ್ನೂ ಕರಿ. ಎದ್ರಿಗೇ ಕೇಂತೆ."

ಕರೆದೆ. ಡೆಸ್ಕಿನ ಹಿಂದಿನ ಸಣ್ಣ ಆಫೀಸು. ಮಾವ ಟೈ ಕಟ್ಟಿಕೊಂಡು ಕೂತಿದ್ದರು, ಅದನ್ನು ಕಂಡೇ ನನಗೆ ಹೆದರಿಕೆಯಾಯಿತು. ಮ್ವಾಪೆ ಕೆಂಪು ಟೋಪಿಯಲ್ಲೇ ಬಂದಳು. ಮಾವ ಇಂಗ್ಲಿಷಿನಲ್ಲಿ, ಬಾಯಿಪಾಠ ಮಾಡಿದವರಂತೆ, ಮಿಸ್ಟರ್ ಕುಂದ, ಈ ಉದ್ಯೋಗಿ ನಿಮಗೆ ಕಿರುಕುಳ ಕೊಡುತ್ತಿದ್ದಾಳೆಯೇ ಎಂದು ಕೇಳಿದರು. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದರು. ಚಿರತೆ ಎದುರಿಗಿರುವಾಗ ಆಡು ನೆಟ್ಟಗೆ ಉತ್ತರ ಕೊಡುವುದುಂಟೆ? ಹುಟ್ಟಿದಾಗಿನಿಂದ ನಾಲಿಗೆಗೆ ಕೂತ ಅಭ್ಯಾಸ.

"ಹೌದು ಸರ್," ಎಂದರು ಕುಂದ, ಮುಖ ಗಂಭೀರ ಮಾಡಿಕೊಂಡು. "ಇವಳು ಕಳ್ಳಿ. ನನ್ನ ಟೋಪಿ ಕದ್ದಳು, ನನ್ನ ಮೊಟ್ಟೆ ತಿಂದಳು, ಒಂದು ದಿನ ನನ್ನನ್ನೂ ತಿಂದು ಬಿಡ್ತಾಳೆ. ಈಗಲೇ ಹೊರಗೆ ಹಾಕಿ ಸರ್. ಬಾಗಿಲಿಗೆ ದೊಡ್ಡ ಬೀಗ ಹಾಕಿ."

ಮ್ವಾಪೆ ತೊಡೆ ತಟ್ಟಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಕಿ ಸರ್, ಹಾಕಿ. ಈ ಮಾಂಸ ಇನ್ನೂ ಬೆಂದಿಲ್ಲ. ನಾನು ಹೊರಗೇ ಕಾಯ್ತೀನಿ."

ಮಾವ ಕೈ ಚಾಚಿ ಅವಳ ಕೀ ಕಾರ್ಡ್ ಕೇಳಿದರು. ಅವಳು ಅದನ್ನೂ ಆಟ ಎಂದುಕೊಂಡು, ಕುತ್ತಿಗೆಯಿಂದ ತೆಗೆದು ನಾಟಕದವಳಂತೆ ಬಗ್ಗಿ ಕೊಟ್ಟಳು. ಮಾವ ಕಾರ್ಡನ್ನು ಡ್ರಾಯರಿನೊಳಗೆ ಹಾಕಿ ನಾಳೆಯಿಂದ ಬರುವುದು ಬೇಡ ಎಂದಾಗಲೂ ನಗುತ್ತಲೇ ಇದ್ದಳು. ನಿಲ್ಲಿಸಿದ್ದು ಕುಂದರ ಮುಖ ನೋಡಿದ ಮೇಲೆ. ಅವರ ಮುಖ ಬೂದಿಯಾಗಿತ್ತು.

ಕುಂದ ಆ ಸಂಜೆಯೂ ಮರುದಿನವೂ ಮಾವನ ಬಾಗಿಲಲ್ಲಿ ನಿಂತು, ತಾನು ಹೇಳಿದ್ದು ದೂರಲ್ಲ, ಅದು ಉತ್ತರ ಎಂದು ಬೇಡಿಕೊಂಡರು. ನಾನೂ ಜಗಳವಾಡಿದೆ. ಮಾವನದು ಒಂದೇ ಮಾತು: "ಅವ್ನೇ ಹೇಳ್ದ ಅಲ್ದಾ? ನನ್ನೆದ್ರೇ ಹೇಳ್ದ. ಇನ್ನೆಂತ ಬೇಕ್ ನಿಂಗೆ?" ಅವರಿಗೆ ಅರ್ಥವಾಗಿರಲಿಲ್ಲ ಎಂದು ನಾನು ಇವತ್ತಿಗೂ ನಂಬುವುದಿಲ್ಲ. ಅರ್ಥ ಮಾಡಿಕೊಳ್ಳುವುದು ದುಬಾರಿಯಾಗಿತ್ತು, ಅದಕ್ಕೇ ಬಿಟ್ಟರು.

ಅದೇ ವಾರದ ಕೊನೆಗೆ ನಮ್ಮವರ ದೀಪಾವಳಿ ಕೂಟ. ಮಾವ ಜರಿ ಶಾಲು ಹೊದ್ದು ದೀಪ ಹಚ್ಚಿ ಭಾಷಣ ಮಾಡಿದರು. ಬಳಿ ಎಂದರೇನು, ಅಳಿಯಕಟ್ಟು ಎಂದರೇನು, ಇಲ್ಲಿ ಹುಟ್ಟಿದ ಮಕ್ಕಳಿಗೆ ನಮ್ಮ ಕಟ್ಟುಕಟ್ಟಳೆ ಹೇಳಿಕೊಡದಿದ್ದರೆ ನಾವು ಬದುಕಿ ಏನು ಪ್ರಯೋಜನ ಎಂದು ಗದ್ಗದಿತರಾದರು. ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಹಿಂದಿನ ಸಾಲಿನಲ್ಲಿ ಫೋನ್ ನೋಡುತ್ತಿದ್ದರು. ನಾನು ಕಡುಬು ತಿನ್ನದೆ ಎದ್ದು ಬಂದೆ, ಅದೊಂದೇ ನನ್ನಿಂದಾದ ಪ್ರತಿಭಟನೆ.

ಡಿಸೆಂಬರಿನ ಒಂದು ಭಾನುವಾರ ಕುಂದ ನನ್ನನ್ನು ಕರೆದುಕೊಂಡು ಜ್ಯಾಕ್ಸನ್ ಹೈಟ್ಸ್‌ಗೆ ಹೋದರು. ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಮ್ವಾಪೆ ಇದ್ದಳು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಊರಿಂದ ತಂದಿದ್ದ ಬೇರನ್ನು ಜಜ್ಜಿ ಜೋಳದ ಗಂಜಿಗೆ ಹಾಕಿ ಮುಂಕೋಯೊ ಮಾಡಿದ್ದಳು, ಕೋಣೆಯೆಲ್ಲ ಆ ಹುಳಿ ವಾಸನೆ. ಕುಂದ ಬಾಗಿಲಲ್ಲೇ ನಿಂತು ಕಪ್ಪು ಟೋಪಿ ಕೈಗೆ ತೆಗೆದುಕೊಂಡು, ಸಾರಿ, ನನ್ನಿಂದ ತಪ್ಪಾಯಿತು ಎಂದು ಶುರು ಮಾಡಿದರು. ಮ್ವಾಪೆಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆಗಲೇ.

"ಬಾಯಿ ಮುಚ್ಚು," ಎಂದಳು. "ಆಡು ಚಿರತೆ ಹತ್ತಿರ ಕ್ಷಮೆ ಕೇಳುತ್ತದಾ? ನೀನೇನು ನನ್ನ ಅತ್ತೆಯಾ, ಮಾಲೀಕನಾ? ಕ್ಷಮೆ ಕೇಳಿದರೆ ನಾವು ಅಪರಿಚಿತರಾಗ್ತೀವಿ. ಅಷ್ಟು ಬೇಜಾರಿದ್ದರೆ ಸಾಯಿ. ಬಂದು ನಿನ್ನನ್ನ ಚೆನ್ನಾಗಿ ಬೈತೀನಿ. ಮಣ್ಣು ಹಾಕ್ತೀನಿ. ಅಲ್ಲಿಗೆ ಲೆಕ್ಕ ಚುಕ್ತಾ."

ಕುಂದ ಕಷ್ಟಪಟ್ಟು ನಕ್ಕರು. "ತಪ್ಪಿಸಬಾರದು."

"ನನ್ನ ಊಟ ನಾನು ತಪ್ಪಿಸ್ತೀನಾ?"

ಆಮೇಲೆ ಮೂವರೂ ಮುಂಕೋಯೊ ಕುಡಿದೆವು. ಇಳಿಯುವಾಗ ಮೆಟ್ಟಿಲಲ್ಲಿ ಕುಂದ, ಅವಳು ಬರುವಂತೆ ನೀನು ನೋಡಿಕೊಳ್ಳಬೇಕು ಶಾರದಾ ಎಂದರು. ಅವರ ಎದೆನೋವಿನ ವಿಷಯ ಆಗ ನನಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ, ಹಿಮ ಬಿದ್ದ ಮರುದಿನ ಬೆಳಿಗ್ಗೆ, ವ್ಯಾನಿನ ಗಾಜಿನ ಮೇಲಿನ ಐಸ್ ಕೆರೆಯುತ್ತಿದ್ದವರು ಅಲ್ಲೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ನಾನು ಮೊದಲು ಫೋನ್ ಮಾಡಿದ್ದು ಮ್ವಾಪೆಗೆ. ಅವಳು, ಸರಿ, ಬೇರು ನೆನೆಹಾಕುತ್ತೇನೆ ಎಂದಳು. ತೊಳೆಯಲು, ಗುಂಡಿ ತೋಡಲು ಈ ದೇಶದಲ್ಲಿ ಬಿಡುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಉಳಿದದ್ದು ಬೈಯುವುದೊಂದೇ.

ಕುಂದರ ಮಗ ಬ್ರಯನ್ ಇಲ್ಲೇ ಹುಟ್ಟಿ ಬೆಳೆದವನು, ತಾಯಿ ನ್ಯೂಅರ್ಕ್‌ನವಳು. ಅಪ್ಪನ ಊರನ್ನು ಕಂಡವನಲ್ಲ. ಕೆಟ್ಟವನೂ ಅಲ್ಲ. ಅಪ್ಪನಿಗೆ ಕೆಲಸದಲ್ಲಿ ಒಬ್ಬಳು ಕಾಟ ಕೊಡುತ್ತಿದ್ದಳು, ಮಾಲೀಕ ಅವಳನ್ನು ತೆಗೆದ ಎಂಬುದಷ್ಟೇ ಅವನ ಕಿವಿಗೆ ಬಿದ್ದಿತ್ತು. ಅಂತ್ಯಕ್ರಿಯೆಯ ಹಿಂದಿನ ದಿನ ನಾನು ಫೋನ್ ಮಾಡಿ ಮುನುಂಗ್ವೆ ಬರುತ್ತಾಳೆ, ಬಿಡಬೇಕು, ನಿನ್ನ ಅಪ್ಪನ ಆಸೆ ಎಂದು ವಿವರಿಸಲು ಹೋದೆ. ಎಲ್ಲರಿಗೂ ಸ್ವಾಗತ ಎಂದು ಸೌಜನ್ಯದಿಂದ ಹೇಳಿ ಇಟ್ಟುಬಿಟ್ಟ. ನಾನು ಯಾರ ವಿಷಯ ಹೇಳುತ್ತಿದ್ದೇನೆಂದು ಅವನಿಗೆ ಹೊಳೆದಿರಲಿಲ್ಲ.

ಹ್ಯಾರಿಸನ್‌ನ ಫ್ಯೂನರಲ್ ಹೋಮ್. ಬಿಳಿ ಹೂವು, ಸಣ್ಣ ದನಿಯ ಪಿಯಾನೊ, ಪಿಸುಮಾತು. ಕುಂದ ನೀಲಿ ಸೂಟಿನಲ್ಲಿ, ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು ಮಲಗಿದ್ದರು. ಚರ್ಚಿನವರಿದ್ದರು, ಲಾಡ್ಜಿನ ನಾವು ನಾಲ್ಕಾರು ಜನ. ಊರಿನ ಕಡೆಯವರು ಒಬ್ಬರೂ ಇರಲಿಲ್ಲ. ಮಾವ ಮುಂದಿನ ಸಾಲಿನಲ್ಲಿ ಕರಿ ಸೂಟು ಹಾಕಿ ಬ್ರಯನ್‌ನ ಪಕ್ಕ ಕೂತಿದ್ದರು.

ಬಾಗಿಲು ಧಡಾರನೆ ತೆರೆಯಿತು. ಮ್ವಾಪೆ ಸೊಂಟಕ್ಕೆ ತನ್ನ ಊರಿನ ಚಿಟೆಂಗೆ ಬಟ್ಟೆ ಬಿಗಿದು, ತಲೆಗೆ ಕೆಂಪು ಟೋಪಿ ಹಾಕಿ, ಕೈಯಲ್ಲಿ ಮುಂಕೋಯೊ ಬಾಟಲಿ ಹಿಡಿದು ನಿಂತಿದ್ದಳು.

"ಎಲ್ಲಿ ನನ್ನ ಮಾಂಸ?" ಎಂದು ಕೂಗಿದಳು. "ಯಾರು ಇದಕ್ಕೆ ಸೂಟು ಹಾಕಿದವರು? ಆಡಿಗೆ ಟೈ ಕಟ್ಟಿದರೆ ಮೇಕೆ ವಾಸನೆ ಹೋಗ್ತದಾ?" ಕುಂದರ ಹಾಗೆಯೇ ಸ್ವಲ್ಪ ಎಡಕ್ಕೆ ವಾಲುತ್ತಾ, ಸ್ಟೀರಿಂಗ್ ತಿರುಗಿಸುತ್ತಾ ಸಾಲುಗಳ ನಡುವೆ ನಡೆದು ಬಂದಳು. ಅಚ್ಚುಕಟ್ಟಾಗಿ ಅವರೇ. ನನಗೆ ನಗು ಬಂತು, ಅಳುವೂ ಬಂತು. ಆ ಕ್ಷಣ ಆ ಕೋಣೆಯಲ್ಲಿ ಜೋಸೆಫ್ ಕುಂದ ಎಂಬ ಮನುಷ್ಯ ಇದ್ದದ್ದು ಅವಳೊಬ್ಬಳಲ್ಲೇ. ಪೌಡರ್ ಹಚ್ಚಿದ ಆ ಮುಖದಲ್ಲಿ ಇರಲಿಲ್ಲ.

ಬೇರೆ ಯಾರೂ ನಗಲಿಲ್ಲ.

ಬ್ರಯನ್ ಎದ್ದು ನಿಂತ. ಅವನ ಕಣ್ಣು ಅವಳ ತಲೆಯ ಮೇಲಿತ್ತು. "ಅದು ನನ್ನ ಅಮ್ಮ ಹೆಣೆದ ಟೋಪಿ" ಎಂದ. ಮತ್ತೆ ಮಾವನ ಕಡೆ ತಿರುಗಿ, "ಆ ಹೆಂಗಸು ಇವಳೇನಾ?" ಎಂದು ಕೇಳಿದ.

ಒಂದು ಮಾತು ಸಾಕಿತ್ತು. ಕೂತುಕೋ ಮಗು, ಇದು ನಿನ್ನ ಅಪ್ಪನ ಕಡೆಯ ಕಟ್ಟಳೆ, ನಮ್ಮಲ್ಲೂ ಬಳಿ ಇದೆ, ನನಗೆ ಗೊತ್ತು ಎಂದು ಆ ಕರಿ ಸೂಟಿನ ಹಿರಿಯ ಹೇಳಿದ್ದರೆ ಬ್ರಯನ್ ಕೇಳುತ್ತಿದ್ದ. ದೀಪಾವಳಿಗೆ ಅರ್ಧ ಗಂಟೆ ಆಡಿದ ಬಾಯಿ ಅದು. ಮಾವ ಬಾಯಿ ತೆರೆಯಲಿಲ್ಲ, ತಲೆಯಾಡಿಸಿದರು. ಹೌದು, ಇವಳೇ.

ನಾನು ಅಡ್ಡ ಹೋದೆ. ಬ್ರಯನ್ ನನ್ನ ಕೈ ಮೆತ್ತಗೆ ಸರಿಸಿ, "ಪ್ಲೀಸ್, ಇವತ್ತು ಬೇಡ" ಎಂದ. ಅಲ್ಲಿಯ ಇಬ್ಬರು ನೌಕರರು ಬಂದು ಮ್ವಾಪೆಯ ಎರಡೂ ತೋಳು ಹಿಡಿದರು. ಅವಳು ಹುರುಪಿನಿಂದ ಕೊಸರಾಡಿದಳು. ಅವರ ಊರಿನಲ್ಲಿ ಸತ್ತವನ ಮನೆಯವರು ಹೀಗೆ ತಳ್ಳುವುದು, ಇವರು ಮತ್ತೆ ನುಗ್ಗುವುದು ಆಟದ ಭಾಗವೇ. "ತಳ್ಳಿ, ತಳ್ಳಿ, ಇನ್ನೂ ಜೋರಾಗಿ ತಳ್ಳಿ" ಎಂದು ನಗುತ್ತಾ ಬಾಗಿಲ ತನಕ ಹೋದಳು. ಅಲ್ಲಿ ಹಿಂತಿರುಗಿ ಬ್ರಯನ್‌ನ ಮುಖ ನೋಡಿದಳು. ಆಫೀಸಿನಲ್ಲಿ ಆದದ್ದೇ ಮತ್ತೆ ಆಯಿತು. ನಗು ಅರ್ಧಕ್ಕೆ ನಿಂತಿತು.

ನಾನು ಹಿಂದೆಯೇ ಓಡಿದೆ. ಫುಟ್‌ಪಾತಿನ ಕೊಳಕು ಹಿಮದಲ್ಲಿ ಬಾಟಲಿ ಅವುಚಿಕೊಂಡು ನಿಂತಿದ್ದಳು. ಸ್ಮಶಾನದಲ್ಲಿ ಮತ್ತೆ ಪ್ರಯತ್ನಿಸೋಣ, ನಾನು ಜೊತೆಗಿರುತ್ತೇನೆ ಎಂದೆ.

"ಮನೆಯವರು ಬಿಟ್ಟರೆ ಮಾತ್ರ ಅದು ನಗು," ಎಂದಳು. "ಬಿಡದಿದ್ದರೆ ಬರೀ ಬೈಗುಳ. ನಾನು ಅವನನ್ನ ಯಾವತ್ತೂ ಬೈದವಳಲ್ಲ ಶಾರದಾ."

ನಾನು ಒಳಗೆ ಹೋಗಲಿಲ್ಲ. ಆ ತಿಂಗಳ ಕೊನೆಗೆ ಲಾಡ್ಜಿನ ಕೆಲಸವನ್ನೂ ಬಿಟ್ಟೆ. ಮಾವ, ಒಬ್ಬ ಆಫ್ರಿಕದವಳಿಗಾಗಿ ಸ್ವಂತ ಮಾವನನ್ನು ಬಿಡುವುದಾ ಎಂದು ಅಮ್ಮನಿಗೆ ಫೋನ್ ಮಾಡಿ ಅತ್ತರಂತೆ. ಈಗಲೂ ಕೂಟಗಳಲ್ಲಿ ಸಿಗುತ್ತಾರೆ. ಬಳಿಯ ಬಗ್ಗೆ ಈಗಲೂ ಭಾಷಣ ಮಾಡುತ್ತಾರೆ. ನಾನು ನಮಸ್ಕಾರ ಮಾಡುತ್ತೇನೆ, ಮಾತಾಡುವುದಿಲ್ಲ.

ಕುಂದರನ್ನು ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಮ್ವಾಪೆ ಫೋನ್ ಮಾಡಿ, ಇಂಡಿಯಾನಾದಲ್ಲಿ ಕೆಲಸ ಸಿಕ್ಕಿದೆ, ಹೋಗುವ ಮೊದಲು ಅವನಿರುವ ಜಾಗ ತೋರಿಸು ಎಂದಳು. ಅವಳನ್ನು ಕರೆದುಕೊಂಡು ಹೋದೆ. ಮೆಷಿನ್ನಿನಿಂದ ಮುಚ್ಚಿದ ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು. ಹೆಸರಿನ ಕಲ್ಲು ಇನ್ನೂ ಬಂದಿರಲಿಲ್ಲ. ಇಲ್ಲಿ ಯಾರೂ ಇಲ್ಲವಲ್ಲ, ಇಲ್ಲಾದರೂ ಬೈಯುತ್ತಾಳೆ, ಬೈದು ಹಗುರಾಗುತ್ತಾಳೆ ಎಂದು ನಾನು ದೂರ ನಿಂತೆ. ಅವಳು ತಲೆಯಿಂದ ಕೆಂಪು ಟೋಪಿ ತೆಗೆದಳು. ಅದರ ಮೇಲಿದ್ದ ಹಿಮ ಕೊಡವಿ, ನಾಲ್ಕಾಗಿ ಮಡಚಿ, ಬಗ್ಗಿ ಮಣ್ಣಿನ ಮೇಲಿಟ್ಟಳು. ನೆಟ್ಟಗೆ ನಿಂತು, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಪರಿಚಯವಿಲ್ಲದವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು:

"ಇದು ನಿಮ್ಮದು, ಮಿಸ್ಟರ್ ಕುಂದ. ಥ್ಯಾಂಕ್ ಯೂ."